ಮಿಷಿನ್ ಏನಂತೈತೆ?

ಸಲಮಾಂಕಾದಲ್ಲಿ ನಾನಿದ್ದ ಮನೆಯಲ್ಲಿ ಸುಮ್ಮನಿರುವ ವಸ್ತು ಅಂತ ಒಂದೂ ಇರಲಿಲ್ಲ. ನೆಲಕ್ಕೆ ಹಾಸಿದ ಹಲಗೆಗಳು ಹೆಜ್ಜೆ ಹೆಜ್ಜೆಗೂ ಉತ್ತರ ಕೊಡುತ್ತಿದ್ದವು. ಅಡುಗೆಮನೆಯ ಬಾಗಿಲು ಎಣ್ಣೆ ಕಂಡು ಯಾವ ಕಾಲವಾಗಿತ್ತೋ. ಕಿಟಕಿಗೆ ಪೆರ್ಸಿಯಾನಾ, ಅಂದರೆ ಪಟ್ಟಿಪಟ್ಟಿಯ ಸುರುಳಿ ಶಟರು; ಬೆಳಿಗ್ಗೆ ಅದನ್ನು ಜಗ್ಗಿ ಮೇಲೇರಿಸಿದರೆ ಈ ಮನೆಯವರು ಎದ್ದರೆಂದು ಎದುರುಸಾಲಿನವರಿಗೂ ಗೊತ್ತಾಗುತ್ತಿತ್ತು. ದೆಹಲಿಯಲ್ಲಿ ಸ್ಪ್ಯಾನಿಷ್ ಕಲಿತು ಮುಂದಿನ ಓದಿಗೆಂದು ಅಲ್ಲಿಗೆ ಹೋದವಳು ನಾನು. ಆ ಊರಿನ ವಿಶ್ವವಿದ್ಯಾಲಯ ಶುರುವಾದದ್ದು 1218ರಲ್ಲಿ. ಆದರೆ ಸದ್ದುಗಳಿಗೆ ಸಲ್ಲುವ ಕ್ರಿಯಾಪದಗಳನ್ನು ನಾನು ಕಲಿತದ್ದು ಅದರ ತರಗತಿಗಳಲ್ಲಲ್ಲ, ನನ್ನ ಮನೆಯೊಡತಿಯ ಬಾಯಿಂದ. ಎಪ್ಪತ್ತು ದಾಟಿದ ವಿಧವೆ. ನಾನು ಅವರನ್ನು ಸೆನ್ಯೋರಾ ಎನ್ನುತ್ತಿದ್ದೆ. ಅವರು ನನ್ನನ್ನು ‘ಇಹಾ’, ಮಗಳೇ, ಎಂದು ಕರೆಯುತ್ತಿದ್ದರು.

ಒಮ್ಮೆ ಅವರು ಬಡಗಿಗೆ ಫೋನ್ ಮಾಡಿದರು. ಹೇಳಿದ್ದು ಎರಡೇ ಮಾತು: ಬಾಗಿಲು ‘ಚಿರ್ರಿಯಾ’, ನೆಲ ‘ಕ್ರುಹೆ’. ಸಂಜೆ ಬಂದ ಬಡಗಿಯ ಚೀಲದಲ್ಲಿ ಬಾಗಿಲಿಗೆ ಎಣ್ಣೆ ಡಬ್ಬಿ ಇತ್ತು, ನೆಲಕ್ಕೆ ಉದ್ದನೆಯ ಸ್ಕ್ರೂಗಳಿದ್ದವು. ಬಂದು ನೋಡಿ, ಮತ್ತೆ ಅಂಗಡಿಗೆ ಓಡುವ ಪ್ರಮೇಯವೇ ಬರಲಿಲ್ಲ. ಚಿರ್ರಿಯಾರ್ ಎಂದರೆ ಒಣಗಿದ ಕೀಲು ಇನ್ನೊಂದು ಲೋಹಕ್ಕೆ ಉಜ್ಜಿ ಎಬ್ಬಿಸುವ, ಕಿವಿಗೆ ಚುಚ್ಚುವ ಸದ್ದು. ಕ್ರುಹಿರ್ ಎಂದರೆ ಒಣ ವಸ್ತು ಭಾರಕ್ಕೋ ತಿಕ್ಕಾಟಕ್ಕೋ ಸಿಕ್ಕಿ ಮಾಡುವ ಸದ್ದು, ಮುರಿಯುವಾಗಿನದೂ ಸೇರಿ. ಆಕೆ ಸದ್ದನ್ನು ವರ್ಣಿಸಿರಲಿಲ್ಲ. ರೋಗ ಯಾವುದೆಂದು ಹೇಳಿ ಮುಗಿಸಿದ್ದರು.

ನಾನಾಗಿದ್ದರೆ ‘ಬಾಗಿಲು ಕಿರ್ ಅನ್ನತ್ತೆ, ನೆಲ ಕೂಡ ಕಿರಕಿರ ಅನ್ನತ್ತೆ, ಬಂದು ನೋಡಿ’ ಎನ್ನುತ್ತಿದ್ದೆ. ನಮ್ಮಲ್ಲಿ ವಸ್ತುಗಳು ‘ಅನ್ನುತ್ತವೆ’. ಗಂಟೆ ಟಣ್ ಅನ್ನುತ್ತದೆ, ಗೆಜ್ಜೆ ಘಲ್ ಅನ್ನುತ್ತದೆ, ತೆಂಗಿನಕಾಯಿ ಬಿದ್ದರೆ ಧೊಪ್ಪೆನ್ನುತ್ತದೆ, ಸ್ಟೀಲ್ ತಟ್ಟೆ ಬಿದ್ದರೆ ಠಣಾರ್ ಎಂದು ಮನೆಯನ್ನೇ ಎಬ್ಬಿಸುತ್ತದೆ. ಶಾಲೆಯ ವ್ಯಾಕರಣ ಇವನ್ನೆಲ್ಲ ಅನುಕರಣಾವ್ಯಯ ಎಂದು ಒಂದು ಪಟ್ಟಿಗೆ ಸೇರಿಸಿಬಿಟ್ಟಿತ್ತು, ನಾವು ಬಾಯಿಪಾಠ ಮಾಡಿದ್ದೆವು. ಹಾಗೆಂದು ಕನ್ನಡಕ್ಕೆ ಸದ್ದಿನ ಕ್ರಿಯಾಪದಗಳಿಲ್ಲ ಎಂದಲ್ಲ. ಗುಡುಗು, ಮೊರೆ, ಭೋರ್ಗರೆ, ಕಿರುಗುಟ್ಟು, ಗುರುಗುಟ್ಟು, ತೊಟ್ಟಿಕ್ಕು ಎಲ್ಲ ನಮ್ಮವೇ. ಆದರೂ ಸದ್ದು ಕೇಳಿದೊಡನೆ ಕನ್ನಡಿಗರ ಬಾಯಿಗೆ ಮೊದಲು ಬರುವುದು ಸದ್ದಿನ ಹೆಸರಲ್ಲ, ಸದ್ದೇ. ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸಿಬಿಡುತ್ತೇವೆ, ತೀರ್ಮಾನ ಕೇಳಿಸಿಕೊಂಡವರದು.

ಸ್ಪ್ಯಾನಿಷಿನವರೂ ಬಾಯಲ್ಲಿ ಸದ್ದು ಮಾಡುತ್ತಾರೆ. ಅಲ್ಲಿ ಗಡಿಯಾರ ‘ತಿಕ್‌ತಾಕ್’ ಮಾಡುತ್ತದೆ, ರೇಷ್ಮೆ ಲಂಗ ‘ಫ್ರುಫ್ರು’ ಮಾಡುತ್ತದೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯುವ ಕಡಲೆ–ಮಾಂಸದ ಸಾರು ‘ಚುಪ್‌ಚುಪ್’ ಮಾಡುತ್ತದೆ. ನಮ್ಮ ಕೊತಕೊತ ಇದರ ಹತ್ತಿರದ ನೆಂಟ, ಸ್ವಲ್ಪ ಅವಸರ ಜಾಸ್ತಿ ಅಷ್ಟೇ. ಆದರೆ ಅಲ್ಲಿ ಇವೆಲ್ಲ ಮನೆಯೊಳಗಿನ ಮಾತು, ಮಕ್ಕಳ ಮಾತು. ಬರೆಯಲು ಕೂತರೆ, ದೂರು ಕೊಡಲು ನಿಂತರೆ, ಎದುರಿನವರು ಕ್ರಿಯಾಪದ ಕೇಳುತ್ತಾರೆ. ಕ್ರಿಯಾಪದ ಆರಿಸಬೇಕೆಂದರೆ ಆ ಸದ್ದು ಏತರದು, ಯಾತಕ್ಕೆ ಬಂತು ಎಂದು ಮೊದಲು ನಾವು ತೀರ್ಮಾನಿಸಿಕೊಂಡಿರಬೇಕು.

ಹೀಗಾಗಿ ಆ ಅಡುಗೆಮನೆಯೇ ನನಗೆ ಪಾಠಶಾಲೆಯಾಯಿತು. ಬಾಣಲೆಗೆ ಹಂದಿ ಕೊಬ್ಬಿನ ತುಂಡು ಬಿದ್ದರೆ ಎಣ್ಣೆ ‘ಚಿಸ್ಪೊರ್ರೊತೆಯಾ’, ಕಿಡಿಯೋ ಹನಿಯೋ ಹಾರುವಂತೆ ಸಿಡಿಯುವುದು ಅದು. ಹಳ್ಳಿಮನೆಯ ಒಲೆಯಲ್ಲಿ ಓಕ್ ಕೊರಡು ಉರಿಯುವುದಕ್ಕೆ ಬೇರೆ ಮಾತು, ‘ಕ್ರೆಪಿತಾ’. ನಾವು ಎರಡನ್ನೂ ಚಟಚಟ ಎಂದು ಮುಗಿಸುತ್ತೇವೆ. ಕಾಫಿ ಪಾತ್ರೆಯಲ್ಲಿ ಡಿಕಾಕ್ಷನ್ ಉಕ್ಕಿ ಮೇಲೇರುವಾಗ ‘ಬೊರ್ಬೊತೆಯಾ’. ಆ ಸದ್ದು ಕೇಳಿದ ಕೂಡಲೇ ಸೆನ್ಯೋರಾ ಗ್ಯಾಸ್ ಆರಿಸಲು ಏಳುತ್ತಿದ್ದರು. ಚಳಿಯಲ್ಲಿ ಹಲ್ಲು ಕಟಕಟಿಸಿದರೆ ‘ಕಸ್ತನ್ಯೆತೆಯಾ’, ಫ್ಲಮೆಂಕೊ ಕುಣಿಯುವವರು ಬೆರಳಿಗೆ ಕಟ್ಟಿಕೊಳ್ಳುವ ಚಿಟಿಕೆಗಳ ಹೆಸರಿನಿಂದ ಹುಟ್ಟಿದ ಮಾತು. ಅದೇ ಹಲ್ಲು ಸಿಟ್ಟಿನಲ್ಲೋ ನಿದ್ದೆಯಲ್ಲೋ ಒಂದಕ್ಕೊಂದು ಮಸೆದರೆ ‘ರೆಚಿನಾ’. ಹಲ್ಲು ಅವೇ, ಬಾಯಿ ಅದೇ. ಕಾರಣ ಬೇರೆಯಾದ್ದರಿಂದ ಕ್ರಿಯಾಪದ ಬೇರೆ.

ಸ್ಪ್ಯಾನಿಷ್ ಭಾಷೆಯ ರಾಜಅಕಾಡೆಮಿಯ ನಿಘಂಟಿನಲ್ಲಿ ಕ್ರುಹಿರ್‌ಗೆ ಕೊಟ್ಟ ಉದಾಹರಣೆಗಳು ನನ್ನನ್ನು ಬಹಳ ದಿನ ಕಾಡಿದವು. ರೇಷ್ಮೆ ಬಟ್ಟೆ, ಮರ, ಹಲ್ಲು, ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ಎಲ್ಲಿಯ ರೇಷ್ಮೆ, ಎಲ್ಲಿಯ ತೊಲೆ! ಒಂದು ದಿನ ಬೇಕರಿಯಿಂದ ಬಿಸಿ ರೊಟ್ಟಿ ತರುತ್ತಾ ಕೈಯಲ್ಲೇ ಮುರಿದು ಬಾಯಿಗೆ ಹಾಕಿಕೊಂಡೆ. ಆ ರೊಟ್ಟಿಯನ್ನು ಅಲ್ಲಿಯವರು ‘ಕ್ರುಹಿಯೆಂತೆ’ ಎನ್ನುತ್ತಾರೆ. ನಾವಾದರೋ ಗರಿಗರಿ ದೋಸೆ ಎನ್ನುತ್ತೇವೆ, ಗರಿಗರಿ ನೋಟು ಎನ್ನುತ್ತೇವೆ, ಗಂಜಿ ಹಾಕಿದ ಗರಿಗರಿ ಸೀರೆ ಎನ್ನುತ್ತೇವೆ. ತೇವ ಆರಿ ಬಿಗಿಯಾದದ್ದರ ಗುಣ ಅದು. ಅವರು ಅದನ್ನು ತೊಲೆಯವರೆಗೂ ಹಿಗ್ಗಿಸಿದ್ದಾರೆ, ನಾವು ತಟ್ಟೆಗೆ, ಬಟ್ಟೆಗೆ ನಿಲ್ಲಿಸಿದ್ದೇವೆ.

ಗಂಟೆಗಳದ್ದು ದೊಡ್ಡ ಸಂಸಾರ. ನುಡಿಸುವುದು ‘ತಾನ್ಯೇರ್’, ಹಬ್ಬಕ್ಕೆ ಬಿರುಸಾಗಿ ಬಡಿಯುವುದು ‘ರೆಪಿಕಾರ್’, ಗಂಟೆಯನ್ನೇ ಪೂರ್ತಿ ಸುತ್ತು ತಿರುಗಿಸುವುದು ‘ವೊಲ್ತೆಯಾರ್’, ಸತ್ತವರಿಗಾಗಿ ನಿಧಾನವಾಗಿ ಹೊಡೆಯುವುದು ‘ದೊಬ್ಲಾರ್’. ಸ್ಪೇನಿನ ಅಂತರ್ಯುದ್ಧದ ಮೇಲೆ ಹೆಮಿಂಗ್ವೇ 1940ರಲ್ಲಿ ತಂದ ಕಾದಂಬರಿಯ ಸ್ಪ್ಯಾನಿಷ್ ಹೆಸರಿನಲ್ಲಿರುವುದು ಈ ದೊಬ್ಲಾರ್. ಪುಸ್ತಕ ತೆರೆಯುವ ಮೊದಲೇ ಸಾವಿನ ಸುದ್ದಿ ಮುಟ್ಟುತ್ತದೆ. ಸೆನ್ಯೋರಾ ಜೊತೆ ಅವರ ತವರು ಹಳ್ಳಿಗೆ ಹೋಗಿದ್ದಾಗ ಮಧ್ಯಾಹ್ನ ಗಂಟೆ ಶುರುವಾಯಿತು. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದವರು ಚಾಕು ಕೆಳಗಿಟ್ಟು ಬೆರಳು ಮಡಚುತ್ತಾ ಹೊಡೆತ ಎಣಿಸಿದರು. ‘ಹೆಂಗಸು’ ಎಂದರು. ಅನೇಕ ಹಳ್ಳಿಗಳಲ್ಲಿ ಗಂಡಸು ಸತ್ತರೆ ಒಂದು ಲೆಕ್ಕ, ಹೆಂಗಸು ಸತ್ತರೆ ಇನ್ನೊಂದು; ಊರಿಂದೂರಿಗೆ ಆ ಲೆಕ್ಕ ಬೇರೆ. ಯಾರಿರಬಹುದು ಎಂದು ಅತ್ತಿಗೆ ನಾದಿನಿಯರು ಹೆಸರು ಹುಡುಕತೊಡಗಿದರು. ಮೋಟರು ಕಟ್ಟಿದ ಗಂಟೆಗಳು ಹೆಚ್ಚಿದ ಈ ಕಾಲದಲ್ಲಿ ಹೀಗೆ ಕೈಯಿಂದ ಗಂಟೆ ನುಡಿಸುವ ವಿದ್ಯೆಯನ್ನು ಯುನೆಸ್ಕೊ 2022ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಸ್ಟರಿನ ಹಿಂದಿನ ವಾರ ಸಮೋರಾಕ್ಕೆ ಹೋಗಿದ್ದೆ. ಸಲಮಾಂಕಾದಿಂದ ಬಸ್ಸಿನಲ್ಲಿ ದೂರವೇನಲ್ಲ. ಮೆರವಣಿಗೆಯ ಮುಂದೆ ಬರಂದಾಲೆಸ್ ಎಂಬಾತ ನಡೆಯುತ್ತಾನೆ. ಎರಡೂ ಮಣಿಕಟ್ಟಿಗೆ ಒಂದೊಂದು ಗಂಟೆ ಕಟ್ಟಿಕೊಂಡು ಬೀಸುತ್ತಾ ದಾರಿ ಬಿಡಿಸುವುದು ಅವನ ಕೆಲಸ. ಆದರೆ ಪವಿತ್ರ ಗುರುವಾರದಿಂದ ಈಸ್ಟರ್ ಜಾಗರಣೆಯವರೆಗೆ ಚರ್ಚಿನ ಗಂಟೆಗಳು ಬಾಯಿ ಕಟ್ಟುತ್ತವೆ. ಹಿಂದೆಲ್ಲ ಆ ಹೊತ್ತಿನಲ್ಲಿ ಜನರನ್ನು ಪೂಜೆಗೆ ಕರೆಯುತ್ತಿದ್ದದ್ದು ಮತ್ರಾಕಾ, ಹಲಗೆಗೆ ಸುತ್ತಿಗೆ ಬಡಿದುಕೊಳ್ಳುವ ಮರದ ಗಿಲಕಿ. ಕಂಚಿನ ನಾದ ಕೇಳಿ ರೂಢಿಯಾದ ಕಿವಿಗೆ ಆ ಒಣ ಕಟಕಟ ಮೊದಲು ಅಪಮಾನವೆನ್ನಿಸಿತು, ಆಮೇಲೆ ಆ ದಿನಗಳಿಗೆ ಅದೇ ಸರಿ ಎನಿಸಿತು. ಸೆನ್ಯೋರಾ ಮಾತ್ರ ನಾನು ಒಂದೇ ಪ್ರಶ್ನೆ ನಾಲ್ಕು ಸಲ ಕೇಳಿದರೆ ‘ಮತ್ರಾಕಾ ಕೊಡಬೇಡ’ ಎನ್ನುತ್ತಿದ್ದರು. ತಲೆ ತಿನ್ನಬೇಡ ಎಂಬುದಕ್ಕೆ ಅವರ ಮಾತು ಅದು.

ಸಲಮಾಂಕಾದ ಗೋಪುರಗಳ ಮೇಲೆ ಬಿಳಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಬೆಳೆದ ಕೊಕ್ಕರೆಗೆ ಗಂಟಲಿನ ಕೂಗು ಇಲ್ಲವೆಂದೇ ಹೇಳಬೇಕು. ಕತ್ತು ಹಿಂದಕ್ಕೆ ಬೆನ್ನಿನ ಮೇಲೆ ಬಾಗಿಸಿ, ಮೇಲಿನ ಕೊಕ್ಕಿಗೆ ಕೆಳಗಿನ ಕೊಕ್ಕನ್ನು ಬಡಿಯುತ್ತದೆ. ಸ್ಪ್ಯಾನಿಷಿನಲ್ಲಿ ಆ ಒಂದು ಸದ್ದಿಗೆಂದೇ ‘ಕ್ರೊತೊರಾರ್’ ಎಂಬ ಕ್ರಿಯಾಪದವಿದೆ. ಮನೆಯಲ್ಲಿ ಅದನ್ನು ಯಾರೂ ಬಳಸುವುದಿಲ್ಲ. ‘ಬೆಳ್ಳುಳ್ಳಿ ಕುಟ್ಟುತ್ತಿದೆ’ ಎನ್ನುತ್ತಾರೆ. ನನ್ನ ಅಜ್ಜನ ಊರು ಮದ್ದೂರಿನ ಹತ್ತಿರ, ಕೊಕ್ಕರೆ ಬೆಳ್ಳೂರಿಗೆ ಸೈಕಲ್ ದಾರಿ. ಅಲ್ಲಿ ಹುಣಸೆಮರದ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳೂ ಹೀಗೇ ಕೊಕ್ಕು ಬಡಿಯುತ್ತವೆ. ‘ಕಟಕಟ ಅಂತವೆ’ ಎಂದಷ್ಟೇ ಅಜ್ಜ ಹೇಳುತ್ತಿದ್ದದ್ದು. ಕೇಳಿದರೆ ಸಾಕಾಗುತ್ತಿತ್ತು, ವಿಂಗಡಿಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಅಜ್ಜನ ಎತ್ತಿನಗಾಡಿ ನೆನಪಾಗಲು ಗಲಿಸಿಯಾದ ಗಾಡಿಗಳು ಕಾರಣ. ಸ್ಪೇನಿನ ವಾಯವ್ಯ ಮೂಲೆಯ ಆ ಹಸಿರು ಸೀಮೆಯಲ್ಲಿ ಹಿಂದೆ ಮರದ ಅಚ್ಚು ಚಕ್ರದ ಜೊತೆಗೇ ತಿರುಗುವಂಥ ಗಾಡಿಗಳಿದ್ದವು. ಮರಕ್ಕೆ ಮರ ತಿಕ್ಕಿ ಮೈಲಿ ದೂರ ಕೇಳುತ್ತಿತ್ತು. ಪಟ್ಟಣದವರ ಕಿವಿಗೆ ಅದು ಚಿರ್ರಿಯಾರ್, ನಿಲ್ಲಿಸಬೇಕಾದ ಕಾಟ. ರೈತರ ಬಾಯಲ್ಲಿ ಮಾತ್ರ ಗಾಡಿ ‘ಹಾಡುತ್ತದೆ’. ಯಾರ ಗಾಡಿ ಯಾವ ತಿರುವಿನಲ್ಲಿದೆ ಎಂದು ಹಾಡಿನಿಂದಲೇ ಗುರುತು ಹಿಡಿಯುತ್ತಿದ್ದರು. ನನ್ನ ಅಜ್ಜ ಇದಕ್ಕೆ ತದ್ವಿರುದ್ಧ. ಅಚ್ಚಿನ ಪಕ್ಕ ಕೀಲೆಣ್ಣೆಯ ಗೊಟ್ಟ ಸದಾ ತೂಗುತ್ತಿರಬೇಕು, ಗಾಡಿ ಕಿರ್ ಅಂದರೆ ಎತ್ತಿಗೆ ಭಾರ ಎನ್ನುತ್ತಿದ್ದ. ಒಂದೇ ಸದ್ದಿಗೆ ಮೂರು ಜನ ಮೂರು ಕ್ರಿಯಾಪದ ಹುಡುಕುತ್ತಾರೆ ಎಂದ ಮೇಲೆ, ಕ್ರಿಯಾಪದದಲ್ಲಿ ವಸ್ತು ಎಷ್ಟಿದೆಯೋ ಕೇಳುವವರೂ ಅಷ್ಟೇ ಇದ್ದಾರೆ.

ಇಷ್ಟನ್ನೆಲ್ಲ ಹುಡುಕಲು ನನಗೆ ಆಧಾರವಾಗಿದ್ದವು ಎರಡು ನಿಘಂಟುಗಳು. ಹೂಲಿಯೊ ಕಸಾರೆಸ್ 1942ರಲ್ಲಿ ತಂದದ್ದು ಒಂದು. ಅದರಲ್ಲಿ ಪದದಿಂದ ಅರ್ಥಕ್ಕಲ್ಲ, ಅರ್ಥದಿಂದ ಪದಕ್ಕೆ ನಡೆಯಬಹುದು. ಮರೀಯಾ ಮೊಲಿನೇರ್ 1966–67ರಲ್ಲಿ ತಂದ ಎರಡು ದಪ್ಪ ಸಂಪುಟಗಳು ಇನ್ನೊಂದು. ಆಕೆ ಗ್ರಂಥಪಾಲಕಿ. ಅಂತರ್ಯುದ್ಧ ಮುಗಿದ ಮೇಲೆ ಫ್ರಾಂಕೊ ಸರ್ಕಾರ ಆಕೆಯನ್ನು ಹಿಂಬಡ್ತಿ ಕೊಟ್ಟು ಕೆಳಗಿಳಿಸಿತು. ಮ್ಯಾಡ್ರಿಡ್‌ನ ಎಂಜಿನಿಯರಿಂಗ್ ಕಾಲೇಜೊಂದರ ಗ್ರಂಥಾಲಯದಲ್ಲಿ ದುಡಿಯುತ್ತಾ, ಬಿಡುವಿನ ಹೊತ್ತಿನಲ್ಲಿ ಮನೆಯಲ್ಲಿ ಚೀಟಿಗಳ ಮೇಲೆ ಬರೆದು ಬರೆದು, ಜನ ನಿಜಕ್ಕೂ ಆಡುವ ಭಾಷೆಯ ನಿಘಂಟು ಕಟ್ಟಿದರು. 1972ರಲ್ಲಿ ಆಕೆಯ ಹೆಸರು ಅಕಾಡೆಮಿಯ ಸದಸ್ಯತ್ವಕ್ಕೆ ಬಂತು, ಅಕಾಡೆಮಿ ಬೇರೆಯವರನ್ನು ಆರಿಸಿತು. ಅಲ್ಲಿಯವರೆಗೆ ಅಲ್ಲಿ ಹೆಂಗಸರು ಪೂರ್ಣ ಸದಸ್ಯರಾದದ್ದೇ ಇರಲಿಲ್ಲ. ಆ ಸಂಪುಟಗಳು ಈಗಲೂ ನನ್ನ ಮೇಜಿನ ಮೇಲಿವೆ.

ಬೆಂಗಳೂರಿಗೆ ಮರಳಿದ ಮೇಲೆ ಹೊಟ್ಟೆಪಾಡಿಗೆ ದುಭಾಷಿ ಕೆಲಸ ಹಿಡಿದೆ. ಪೀಣ್ಯದ ಒಂದು ವರ್ಕ್‌ಶಾಪಿನವರು ಸ್ಪೇನಿನ ಹಳೆಯ ಲೇತ್ ಒಂದನ್ನು ತರಿಸಿದ್ದರು. ಬಾಸ್ಕ್ ಸೀಮೆಯ ಎಲ್ಗೊಯ್ಬಾರ್ ಸುತ್ತಮುತ್ತ ಇಂಥ ಯಂತ್ರಗಳ ಕಸುಬು ತಲೆಮಾರುಗಳಿಂದ ಬೇರುಬಿಟ್ಟಿದೆ. ಆ ಊರಿನಲ್ಲಿ ಯಂತ್ರೋಪಕರಣಗಳದೇ ಒಂದು ಮ್ಯೂಸಿಯಂ ಇದೆ. ಒಂದು ಬೆಳಿಗ್ಗೆ ನನಗೆ ಕರೆ ಬಂತು, ಲೇತ್ ಸದ್ದು ಮಾಡುತ್ತಿದೆ, ಅಲ್ಲಿಯ ತಂತ್ರಜ್ಞರ ಜೊತೆ ಮಾತಾಡಿಸಿಕೊಡಿ ಎಂದು.

ಫೋನಿನ ಆ ತುದಿಯಲ್ಲಿದ್ದವರು ವಯಸ್ಸಾದ ಮನುಷ್ಯ. ನಮಸ್ಕಾರವಾದದ್ದೇ ಪ್ರಶ್ನೆ ಶುರು. ‘ಥುಂಬಾ’ ಏನು? ಗುಂಯ್‌ಗುಟ್ಟುತ್ತಿದ್ದರೆ ಮೋಟರಿನ ಕಡೆ ನೋಡಬೇಕು. ‘ಚಿರ್ರಿಯಾ’? ಹಾಗಿದ್ದರೆ ಬೆಲ್ಟು, ಇಲ್ಲವೇ ಎಣ್ಣೆ ಹೋಗದ ಜಾಗ. ‘ಗೊಲ್ಪೆತೆಯಾ’? ಅಂದರೆ ಸಣ್ಣ ಸಣ್ಣ ಪೆಟ್ಟು ಬಿಡದೆ ಬೀಳುವುದು. ನಾನು ಮೇಸ್ತ್ರಿಗಳ ಕಡೆ ತಿರುಗಿ ಕೇಳಿದೆ, ‘ಮಿಷಿನ್ ಏನಂತೈತೆ?’ ಅವರು ಕಿವಿಗೊಟ್ಟು ಹೇಳಿದರು, ‘ಟಕ್ ಟಕ್ ಅಂತೈತೆ ಮೇಡಂ, ಉಜ್ಜೋ ಸದ್ದಲ್ಲ.’ ಗೊಲ್ಪೆತೆಯಾ ಎಂದು ನಾನು ಫೋನಿಗೆ ಹೇಳಿದೆ. ಬೆಲ್ಟು, ಮೋಟರು ಎರಡೂ ಬಿಟ್ಟುಹೋದವು, ಉಳಿದದ್ದು ಗೇರ್. ಆದರೆ ಹೆಡ್‌ಸ್ಟಾಕಿನೊಳಗೆ ಗೇರ್ ಒಂದೆರಡಲ್ಲ, ಯಾವ ಶಾಫ್ಟಿನದು? ಅದನ್ನು ಹೇಳುವ ಕ್ರಿಯಾಪದ ಮೊಲಿನೇರ್ ಅವರಲ್ಲೂ ಇಲ್ಲ. ಫೋನನ್ನು ಯಂತ್ರದ ಹತ್ತಿರ ಹಿಡಿದರೆ ಇಡೀ ಶೆಡ್ಡಿನ ಗೌಜೆಲ್ಲ ಅದರೊಳಗೇ ಹೋಗುತ್ತಿತ್ತು.

ಆಗ ಆ ಕಡೆಯಿಂದ ಬಂದ ಮಾತು: ‘ಅವರೇ ಬಾಯಲ್ಲಿ ಮಾಡಿ ತೋರಿಸಲಿ.’

ಮೇಸ್ತ್ರಿಗಳು ಒಂದಿಷ್ಟೂ ನಾಚಲಿಲ್ಲ. ಯಂತ್ರವನ್ನು ಕನಿಷ್ಠ ವೇಗಕ್ಕೆ ಇಳಿಸಿದರು. ಚಕ್ಕಿನ ಅಂಚಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದರು. ಗೀಟು ತಿರುಗುವುದನ್ನೇ ನೋಡುತ್ತಾ, ಫೋನನ್ನು ತುಟಿಯ ಹತ್ತಿರ ಹಿಡಿದು ಶುರು ಮಾಡಿದರು: ‘ಗೊರ್ರ್… ಟಕ್. ಗೊರ್ರ್… ಟಕ್.’ ಗೀಟು ಮೇಲೆ ಬಂದಾಗ ಒಂದು ಟಕ್, ಕೆಳಗೆ ಹೋದಾಗ ಇನ್ನೊಂದು. ಆ ಕಡೆಯವರು ಸುಮ್ಮನೆ ಕೇಳಿಸಿಕೊಂಡರು. ಚಕ್ಕು ಒಂದು ಸುತ್ತು ಬರುವಷ್ಟರಲ್ಲಿ ಎಷ್ಟು ಎಂದು ನನ್ನಿಂದ ಕೇಳಿಸಿದರು. ಎರಡು. ಹಾಗಾದರೆ ಚಕ್ಕಿನ ಶಾಫ್ಟಿನದ್ದಲ್ಲ, ಆ ವೇಗದಲ್ಲಿ ಅದರ ದುಪ್ಪಟ್ಟು ತಿರುಗುವ ನಡುವಿನ ಶಾಫ್ಟಿನದು, ಮೇಲಿನ ಮುಚ್ಚಳ ತೆಗೆದು ಅದರ ಗೇರುಗಳ ಹಲ್ಲು ನೋಡಿ ಎಂದರು. ಮುಚ್ಚಳ ಬಿಚ್ಚಿ, ಎಣ್ಣೆ ಒರೆಸಿ, ಮೇಸ್ತ್ರಿಗಳು ಗೇರನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸುತ್ತಾ ಹೋದರು. ಒಂದು ಹಲ್ಲಿನ ತುದಿಯಲ್ಲಿ ಕಡಲೆಬೇಳೆಯಷ್ಟು ಚೂರು ಹಾರಿಹೋಗಿತ್ತು.

ಸ್ಪ್ಯಾನಿಷ್ ಕಲಿತ ಮೇಲೆ ನಮ್ಮ ‘ಅನ್ನತ್ತೆ’ ನನಗೆ ಸ್ವಲ್ಪ ಸೋಮಾರಿ ಮಾತು ಎನಿಸಲು ಶುರುವಾಗಿತ್ತು. ಪೀಣ್ಯದ ಆ ಬೆಳಿಗ್ಗೆ ಅದನ್ನು ಬಿಡಿಸಿತು. ಕ್ರಿಯಾಪದ ಎಲ್ಲಿ ಹುಡುಕಬೇಕೆಂದು ತೋರಿಸಿತು, ಸರಿ. ಆದರೆ ಎಷ್ಟು ಹೊತ್ತಿಗೊಮ್ಮೆ, ಏನಾದ ಮೇಲೆ ಏನು ಎಂಬುದು ಅದರೊಳಗೆ ಇರಲೇ ಇಲ್ಲ. ಅದಿದ್ದದ್ದು ಮೇಸ್ತ್ರಿಗಳ ಗೊರ್ರ್–ಟಕ್‌ನಲ್ಲಿ. ಸದ್ದಿಗೆ ಹೆಸರಿಟ್ಟ ಕೂಡಲೇ ಅರ್ಧ ಸದ್ದು ಕೈಬಿಟ್ಟು ಹೋಗುತ್ತದೆ. ಹೆಸರಿಡದೆ ಬರೀ ಒಪ್ಪಿಸಿದರೆ ಇನ್ನರ್ಧ ಸಿಗುವುದಿಲ್ಲ.

ಒಂದೇ ಭಾಷೆಯವರೂ ಒಂದೇ ಹೆಸರಿಡುವುದಿಲ್ಲ ಎಂಬುದು ಆಮೇಲೆ ಮೆಕ್ಸಿಕೊದ ಕಾಗದಪತ್ರ ಅನುವಾದಿಸುವಾಗ ಗೊತ್ತಾಯಿತು. ಪೆಟ್ರೋಲು ಸಿಲಿಂಡರಿನಲ್ಲಿ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಎಂಜಿನ್ ಬಡಿದುಕೊಳ್ಳುವುದನ್ನು ಅಲ್ಲಿಯವರು ‘ಕಸ್ಕಬೆಲೆಯಾರ್’ ಎನ್ನುತ್ತಾರೆ. ಕಸ್ಕಬೆಲ್ ಎಂದರೆ ಗೆಜ್ಜೆಯ ಮಣಿ. ಅರ್ಜೆಂಟೀನಾದವರು ಅದೇ ಸದ್ದನ್ನು ಪಿಸ್ಟನ್ನಿನ ಹೆಸರಿನಿಂದ ‘ಪಿಸ್ತೊನೆಯಾರ್’ ಮಾಡಿಕೊಂಡಿದ್ದಾರೆ. ಒಬ್ಬರು ಕಿವಿಗೆ ಬಿದ್ದದ್ದನ್ನು ಹೇಳಿದರು, ಇನ್ನೊಬ್ಬರು ಒಳಗೆ ಬಡಿದುಕೊಳ್ಳುತ್ತಿರುವುದರ ಹೆಸರು ಹಿಡಿದರು.

ಈಗ ಸಂಜೆ ಹೊತ್ತು ಕೆಲವರಿಗೆ ಸ್ಪ್ಯಾನಿಷ್ ಹೇಳಿಕೊಡುತ್ತೇನೆ. ಸದ್ದಿನ ಪಾಠ ಬಂದಾಗ ಪಟ್ಟಿ ಕೊಡುವುದಿಲ್ಲ. ಮೊದಲು ಕನ್ನಡದಲ್ಲಿ ಸದ್ದು ಮಾಡಿ ತೋರಿಸಿ ಎನ್ನುತ್ತೇನೆ. ಆಮೇಲೆ ಮೂರು ಪ್ರಶ್ನೆ: ವಸ್ತು ಏತರದು? ಒಂದೇ ಸಲವೋ, ಮತ್ತೆ ಮತ್ತೆಯೋ? ಅದು ನಿಮಗೆ ಇಷ್ಟವೋ, ಕಾಟವೋ? ಮೂರಕ್ಕೂ ಉತ್ತರ ಸಿಕ್ಕರೆ ಕ್ರಿಯಾಪದ ಮುಕ್ಕಾಲು ಪಾಲು ತಾನೇ ಬರುತ್ತದೆ. ಕಳೆದ ಬಾರಿ ಆಟೋರಿಕ್ಷಾ ಚರ್ಚೆಗೆ ಬಂತು. ಅಲ್ಲಾಡುವ ತಗಡಿನ ಸದ್ದು ಹಿಡಿದು ‘ತ್ರಕೆತೆಯಾ’ ಎಂದಳು ಒಬ್ಬಳು. ಹೊಗೆ ಕೊಳವೆಯ ಪಟಪಟಕ್ಕೆ ‘ಪೆತರ್ದೆಯಾ’ ಆಗಬೇಕು, ಪಟಾಕಿಯಿಂದ ಬಂದ ಮಾತು ಅದೇ ಅಲ್ಲವೇ ಎಂದ ಇನ್ನೊಬ್ಬ. ಬ್ಯಾಟರಿ ಆಟೋ ಬರೀ ‘ಥುಂಬಾ’ ಎಂದು ಹಿಂದಿನ ಬೆಂಚಿನಿಂದ ಮೂರನೆಯ ದನಿ. ಮೂವರೂ ಸರಿಯಿದ್ದರು, ಮೂವರೂ ಸೀಟಿನಲ್ಲಿ ಕೂತು ಕೇಳಿದವರು. ಮುಂದಿನ ತರಗತಿಗೆ ಬರುವಾಗ ಗಾಡಿ ಓಡಿಸುವವರನ್ನೇ ಕೇಳಿಕೊಂಡು ಬನ್ನಿ ಎಂದು ಕಳಿಸಿದ್ದೇನೆ.